“ಸತ್ತಿದೆ” ಎನ್ನುವ ಪೂರ್ಣೇಶಣ್ಣ

ಹೊಸನಗರದ ರಿಪೇರಿ ಅಂಗಡಿಯ ಪೂರ್ಣೇಶಣ್ಣನಿಗೆ ಗೊತ್ತಿಲ್ಲದ್ದು ಲೋಕದಲ್ಲೇ ಇಲ್ಲ. ಅವನ ಕೈಗೆ ಬಗ್ಗದ್ದೆಲ್ಲ ಸತ್ತದ್ದು. ಗಿರಾಕಿ ಬಾಯಿ ತೆರೆಯುವ ಮೊದಲೇ, ದೊಡ್ಡ ಡಾಕ್ಟರ ಗತ್ತಿನಲ್ಲಿ ತಲೆಯಾಡಿಸಿ, “ಹೋಯ್ತು, ಹೊಸದು ತಗೊಳ್ಳಿ” ಎನ್ನುತ್ತಾನೆ. ಮೂರು ದಿನದಿಂದ ಊರಿಗೆ ನೀರಿಲ್ಲದೆ, ಪಂಪು ನೋಡಿಕೊಳ್ಳುವ ಕವನಾ ಪಂಪನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ತಂದಾಗಲೂ ಅಷ್ಟೇ: ಅದರ ಚಿಪ್ಪನ್ನು ಕಿತ್ತು, ಪ್ರೋಗ್ರಾಂ ಮತ್ತೆ ತುಂಬಲು ಅದೊಂದನ್ನೇ ಕಂಪ್ಯೂಟರಿಗೆ ಜೋಡಿಸಿ, ಪ್ರೋಗ್ರಾಂ ಹತ್ತದಿದ್ದಾಗ “ಸತ್ತಿದೆ” ಎಂದ. ಡಿಪ್ಲೊಮಾ ಓದಿದ್ದ ಕವನಾಳಿಗೆ ರೇಗಿತು. “ಚಿಪ್ಪಿಗೆ ಎದೆಬಡಿತದ ಹಾಗೆ ಕ್ಲಾಕ್ ಕೊಡೋ ಕ್ರಿಸ್ಟಲ್ ಬೋರ್ಡಲ್ಲೇ ಉಳೀತಲ್ಲ ಅಣ್ಣಾ? ಅದಿಲ್ದೆ ಚಿಪ್ ಹೇಗೆ ಏಳುತ್ತೆ? ಬೇರೊಂದು ಕ್ರಿಸ್ಟಲ್ ಹಾಕಿ.” ಹಾಕಿದ, ಪ್ರೋಗ್ರಾಂ ಹತ್ತಿತು. “ನಾನೂ ಅದೇ ಹೇಳೋನಿದ್ದೆ” ಎಂದವನು, ಉಳಿದ ಗಿರಾಕಿಗಳು ಹೋದ ಮೇಲೆ ಚಿಪ್ಪುಗಳ ಬಗೆಗಿನ ದಪ್ಪದೊಂದು ಇಂಗ್ಲಿಷ್ ಪುಸ್ತಕವನ್ನು ಅವಳ ಮುಂದಿಟ್ಟು ಮೆಲ್ಲಗೆ ಕೇಳಿದ: “ಆ ಕ್ರಿಸ್ಟಲ್ ವಿಷ್ಯ ಇದ್ರಲ್ಲಿ ಎಲ್ಲಿದೆ, ಓದಿ ಹೇಳ್ತೀಯಾ ಮಾರಾಯ್ತಿ? ನಂಗೆ ಇಂಗ್ಲಿಷ್ ಓದೋಕೆ ಬರಲ್ಲ.”