ನಮ್ಮ ಓನರ್ ಕೈಗುಣ

ಈ ಸಲ ಆಯುಧಪೂಜೆಗೆ ನಮ್ಮ ಇಂದಿರಾನಗರದ ಆಫೀಸಿನಲ್ಲಿ ಯಾರೋ ಮೂಲೆಯ ಹಳೆಯ ಕಂಪ್ಯೂಟರಿನ ಮುಂದೆ ಕರ್ಪೂರ ಹಚ್ಚಿದರು. ಅದರ ಫ್ಯಾನು ಆಗತಾನೇ ನಿಂತಿತ್ತು, ಒಳಗಿನ ಬಿಸಿ ದೂಳಿನ ವಾಸನೆ ಇನ್ನೂ ಆಚೆ ಬರುತ್ತಿತ್ತು. ಬಿಸಿ ದೂಳು, ಕರ್ಪೂರ, ಜೊತೆಗೆ ಬಾಗಿಲಲ್ಲಿ ಒಡೆದ ಬೂದುಗುಂಬಳದ ಹಸಿ ವಾಸನೆ... ಕಡ್ಲೆಪುರಿ ಪೊಟ್ಟಣ ಕೈಯಲ್ಲಿ ಹಿಡಿದು ನಾನು ಹಾಗೇ ನಿಂತುಬಿಟ್ಟೆ. ಪಕ್ಕದವಳು ಏನಾಯ್ತೇ ಅಂದಳು. ಏನಿಲ್ಲ ಅಂದೆ. ಅದು ಸುಳ್ಳು. ನನಗೆ ನಮ್ಮ ಓನರ್ ನೆನಪಾಗಿದ್ದರು.

ಓನರ್ ಅಂದರೆ ಲಿಂಗರಾಜಪುರದಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ ರಕ್ತಪರೀಕ್ಷೆಯ ಲ್ಯಾಬಿನ ಯಜಮಾನರು. ಕಟ್ಟಡವೂ ಅವರದೇ. ಅವರ ತಂದೆಯ ಕಾಲದಲ್ಲಿ ಆ ಜಾಗದಲ್ಲಿ ಸೊಪ್ಪು ತರಕಾರಿ ಬೆಳೆದು, ಎತ್ತಿನ ಗಾಡಿಯಲ್ಲಿ ಶಿವಾಜಿನಗರದ ಮಾರ್ಕೆಟ್ಟಿಗೆ ಹಾಕಿ ಬರುತ್ತಿದ್ದರಂತೆ. ಹೊಲ ಹೋಗಿ ಸೈಟಾಯಿತು, ಸೈಟಿನ ಮೇಲೆ ಕಟ್ಟಡ ಎದ್ದಿತು. ಇವರು ಮಾತ್ರ ಬಿಳಿ ಪಂಚೆ, ಅರ್ಧ ತೋಳಿನ ಅಂಗಿಯಲ್ಲೇ ಉಳಿದರು. ಡಾಕ್ಟರ್ ಓದಿದ ಮಗಳಿಗಾಗಿ ಲ್ಯಾಬ್ ತೆರೆದದ್ದು. ಆದರೆ ಬೆಳಿಗ್ಗೆ ಬಾಗಿಲು ತೆಗೆಯುವುದು, ಸಂಜೆ ಬೀಗ ಎಳೆದು ನೋಡುವುದು ಎಲ್ಲ ಇವರೇ.

ಅವರ ಕೈಗುಣ ಆ ಸುತ್ತಲಿಗೆಲ್ಲ ಹೆಸರುವಾಸಿ. ಯಾರಾದರೂ ಮನೆ ಕಟ್ಟಿಸಿದರೆ ಗುದ್ದಲಿ ಹಾಕಲು ಇವರು ಬೇಕು. ಹೊಸ ಹೋಟೆಲಿನ ಒಲೆ ಹಚ್ಚಲು ಇವರು. ಬೋರ್‌ವೆಲ್ ಮೋಟರಿನ ಸ್ವಿಚ್ಚನ್ನು ಮೊದಲ ಸಲ ಇವರೇ ಒತ್ತಬೇಕು, ಒತ್ತಿದರೆ ನೀರು ಗ್ಯಾರಂಟಿ ಅಂತ ಜನ. ನಾನು ಹಲಸೂರಿನ ಬೌದ್ಧರ ಮನೆಯವಳು. ಇಂಥದ್ದನ್ನೆಲ್ಲ ನಮ್ಮಪ್ಪನ ಎದುರು ಹೇಳಿದರೆ ಬೈಸಿಕೊಳ್ಳಬೇಕಾಗುತ್ತಿತ್ತು. ನನಗೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಯಾರಾದರೂ ಕರೆಯಲು ಬಂದರೆ ಅವರ ಮುಖ ಅರಳುತ್ತಿತ್ತಲ್ಲ, ಅದನ್ನು ನೋಡಲು ಚೆನ್ನಾಗಿರುತ್ತಿತ್ತು.

ಲ್ಯಾಬಿನ ಕಂಪ್ಯೂಟರುಗಳು ನನ್ನ ಜವಾಬ್ದಾರಿ. ಮುಖ್ಯವಾದದ್ದು ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯಲ್ಲಿದ್ದ ಸರ್ವರ್. ಉಳಿದ ಕಂಪ್ಯೂಟರುಗಳೆಲ್ಲ ಏನು ಬೇಕಾದರೂ ಅದನ್ನೇ ಕೇಳಬೇಕು. ಯಾರ ಸಕ್ಕರೆ ಎಷ್ಟು, ಯಾವ ಬಸುರಿಯ ಹಿಮೋಗ್ಲೋಬಿನ್ ಹೋದ ತಿಂಗಳು ಎಷ್ಟಿತ್ತು, ಎಲ್ಲ ಅದರ ಹೊಟ್ಟೆಯಲ್ಲಿ. ಅದನ್ನು ನಡೆಸುತ್ತಿದ್ದದ್ದು ಓಬೀರಾಯನ ಕಾಲದ ಒಂದು ಲಿನಕ್ಸ್. ಲಿನಕ್ಸ್ ಯಾರು ಬೇಕಾದರೂ ಪುಕ್ಕಟೆ ಹಾಕಿಕೊಂಡು, ಬೇಕಾದ ಹಾಗೆ ತಿದ್ದಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್. ಹಾಕಿದವನು ಯಾರೋ, ಹಾಕಿ ಎಷ್ಟು ವರ್ಷವಾಗಿತ್ತೋ. ಅಲ್ಲಿಂದ ಆ ಯಂತ್ರ ಒಂದು ದಿನವೂ ನಿಂತಿರಲಿಲ್ಲ.

ನಾನು ಸೇರಿದ ವರ್ಷ ಆಯುಧಪೂಜೆ ಹತ್ತಿರ ಬಂದಾಗ ಓನರ್ ಹೇಳಿದರು, "ಹಬ್ಬದ ದಿನ ಸರ್ವರ್ ಆಫ್ ಮಾಡ್ಬೇಕಮ್ಮ. ವರ್ಷಕ್ಕೊಂದು ದಿನ ಅದಕ್ಕೂ ರೆಸ್ಟ್ ಬೇಕು. ಎತ್ತಿಗೂ ಕೊಡ್ತಿದ್ವಿ."

"ಸರ್, ಇದು ಎತ್ತಲ್ಲ."

"ಕೆಲಸ ಮಾಡುತ್ತೆ ತಾನೆ?"

ಹಿಂದೆ ಈ ಕೆಲಸದಲ್ಲಿದ್ದವನು ಪ್ರತಿವರ್ಷ ಬರೀ ಮಾನಿಟರ್ ಆರಿಸಿ "ಆಫ್ ಆಯ್ತು ಸರ್" ಅನ್ನುತ್ತಿದ್ದನಂತೆ. ಕೌಂಟರಿನವರು ನಗುತ್ತ ನನಗೂ ಆ ಉಪಾಯ ಹೇಳಿಕೊಟ್ಟರು. ನನಗೇಕೋ ಆ ಮನುಷ್ಯನಿಗೆ ಟೋಪಿ ಹಾಕಲು ಮನಸ್ಸಾಗಲಿಲ್ಲ. ಆದರೆ ಹೆದರಿಕೆ ಮಾತ್ರ ಬಹಳ ಇತ್ತು. ದಿನವೂ ಆಗುತ್ತಿದ್ದ ಬ್ಯಾಕಪ್ ಅದೇ ಡಿಸ್ಕಿನ ಇನ್ನೊಂದು ಮೂಲೆಗೆ ಹೋಗಿ ಕೂರುತ್ತಿತ್ತು. ಬೀರುವಿಗೆ ಬೆಂಕಿ ಬಿದ್ದರೆ ಯಾವ ಅರೆಯಲ್ಲಿಟ್ಟರೇನು? ಹಬ್ಬದ ಹಿಂದಿನ ಸಂಜೆ ಗೊಣಗಿಕೊಂಡೇ ಕುಳಿತು, ಸರ್ವರಿನಲ್ಲಿ ಇದ್ದಬದ್ದದ್ದನ್ನೆಲ್ಲ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿಟ್ಟೆ. ಅವರ ಹಟಕ್ಕೆ ಹೆದರಿ ಮಾಡಿದ್ದು, ಬೇರೆ ಯಾವ ಜಾಣತನದಿಂದಲೂ ಅಲ್ಲ.

ಮಾರನೆಯ ದಿನ ಬೆಳಿಗ್ಗೆ ಕ್ರಮವಾಗಿ ಸರ್ವರ್ ನಿಲ್ಲಿಸಿ ಪ್ಲಗ್ ಕಿತ್ತೆ. ಓನರ್ ಹಳೆಯ ಪಂಚೆಯ ತುಂಡಿನಿಂದ ಅದರ ಮೈ ಒರೆಸಿದರು. ವಿಭೂತಿ ಎಳೆದರು, ಕುಂಕುಮ ಇಟ್ಟರು.

"ನಿಮ್ಮನೇಲಿ ಇದೆಲ್ಲ ಮಾಡಲ್ವಲ್ಲಮ್ಮ, ಬೇಜಾರಿಲ್ಲ ತಾನೆ?"

"ನೀವು ಮಾಡಿ ಸರ್. ನೀರು ಮಾತ್ರ ಚಿಮುಕಿಸ್ಬೇಡಿ."

ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದದ್ದಾಯಿತು. ಓನರೇ ಆನ್ ಮಾಡಲಿ ಅಂತ ಎಲ್ಲರೂ ಅಂದರು. ಅವರು ಕಣ್ಣಿಗೊತ್ತಿಕೊಂಡ ಬೆರಳಿನಿಂದಲೇ ಸ್ವಿಚ್ ಒತ್ತಿದರು. ಫ್ಯಾನು ತಿರುಗಿತು. ಆಮೇಲೆ ಒಳಗಿನಿಂದ ಟಿಕ್, ಟಿಕ್ ಅಂತ ಒಂದು ಸದ್ದು ಬಂತು, ನಿಂತಿತು, ಮತ್ತೆ ಬಂತು. ಪರದೆಯ ಮೇಲೆ ಡಿಸ್ಕೇ ಸಿಗುತ್ತಿಲ್ಲ ಅಂತ ಒಂದು ಸಾಲು. ಹಾರ್ಡ್ ಡಿಸ್ಕ್ ಸತ್ತಿತ್ತು.

ಮರುದಿನ ಬೆಳಿಗ್ಗೆಯೇ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆ ಜನ ಬಂದು ಕೂರುತ್ತಾರೆ. ಕೌಂಟರಿನವಳು "ಅಯ್ಯೋ, ಓನರ್ ಕೈಯಲ್ಲೇ..." ಅಂದವಳು ಅರ್ಧಕ್ಕೆ ನುಂಗಿಕೊಂಡಳು. ಓನರ್ ಅದನ್ನು ಕೇಳಿಸಿಕೊಂಡರು. ತಮ್ಮ ಬೆರಳು ನೋಡಿಕೊಂಡರು.

ಎಲ್ಲರಿಗೂ ಕಡ್ಲೆಪುರಿ ಕೊಟ್ಟು ಮನೆಗೆ ಕಳಿಸಿ ನಾನು ಕೆಲಸಕ್ಕೆ ಕುಳಿತೆ. ಅಮ್ಮ ಫೋನ್ ಮಾಡಿದಳು. ಮಾರನೆಯ ದಿನ ವಿಜಯದಶಮಿ, ನಮ್ಮವರು ಬೌದ್ಧ ಧರ್ಮ ಸ್ವೀಕರಿಸಿದ ದೀಕ್ಷೆಯ ದಿನ, ಬುದ್ಧವಿಹಾರದಲ್ಲಿ ಅಲಂಕಾರದ ಕೆಲಸ ಬೆಟ್ಟದಷ್ಟಿತ್ತು. "ಬರ್ತೀಯೋ ಇಲ್ವೋ ಅಷ್ಟು ಹೇಳು" ಅಂದಳು. ಬರುವುದಿಲ್ಲ ಅಂದೆ. ಹಬ್ಬದ ದಿನ ಹೊಸ ಡಿಸ್ಕ್ ಎಲ್ಲಿಂದ ತರುವುದು? ಅಂಗಡಿಗಳೆಲ್ಲ ಪೂಜೆ ಮುಗಿಸಿ ಷಟರ್ ಎಳೆದಿದ್ದವು. ಕೊನೆಗೆ ಸಿಸಿಟಿವಿ ಪೆಟ್ಟಿಗೆ ಬಿಚ್ಚಿ ಅದರ ಡಿಸ್ಕ್ ತೆಗೆಯಲೇ ಅಂತ ಓನರನ್ನು ಕೇಳಿದೆ.

"ತೆಗಿಯಮ್ಮ. ಕಳ್ಳ ಬಂದ್ರೆ ನಾನೇ ಬಾಗಿಲಲ್ಲಿ ಕೂತಿರ್ತೀನಿ."

ಬಾಗಿಲಲ್ಲಿ ಕೂರಲಿಲ್ಲ, ನನ್ನ ಪಕ್ಕವೇ ಸ್ಟೂಲ್ ಹಾಕಿಕೊಂಡು ಕುಳಿತರು. ಹೊಸ ಲಿನಕ್ಸನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಅದರಿಂದ ಸರ್ವರ್ ಎಬ್ಬಿಸಿದೆ. ಅದು ಒಂದೊಂದಾಗಿ ಕೇಳುತ್ತ ಹೋಯಿತು, ನಾನು ಹೇಳುತ್ತ ಹೋದೆ. ಭಾಷೆ ಯಾವುದು, ಕೀಬೋರ್ಡ್ ಯಾವುದು, ಯಾವ ಊರಿನ ಗಂಟೆ. ಊರಿನ ಪಟ್ಟಿಯಲ್ಲಿ ಕೋಲ್ಕತಾ ಆರಿಸಿದಾಗ ಅವರಿಗೆ ಅಸಮಾಧಾನ. "ನಮ್ ಬೆಂಗಳೂರು ಇಲ್ವಾ?" ಇಡೀ ದೇಶಕ್ಕೆ ಅದೊಂದೇ ಸರ್ ಅಂದೆ. ಯಂತ್ರಕ್ಕೆ ಒಂದು ಹೆಸರು ಕೊಡು ಅಂತ ಕೇಳಿತು. ಅವರನ್ನೇ ಕೇಳಿದೆ. "ಕೆಂಚ ಅಂತ ಹಾಕು" ಅಂದರು. ಅವರ ತಂದೆಯ ಗಾಡಿಯ ಬಲಗಡೆಯ ಎತ್ತು. ಪಾಸ್‌ವರ್ಡ್ ಹಾಕುವಾಗ, ನಾನೇನೂ ಹೇಳದಿದ್ದರೂ, ಎದ್ದು ಗೋಡೆಯ ಕಡೆ ತಿರುಗಿ ನಿಂತರು.

ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಅಂತ ಪರದೆ ಕೇಳಿದಾಗ ಅವರು ಹೌಹಾರಿದರು. "ತಡಿಯಮ್ಮ, ಏನು ಅಳಿಸ್ತಿದೀಯ?"

"ಸಿಸಿಟಿವಿದು ಸರ್. ನೀವು ಕೌಂಟರ್ ಹತ್ರ ನಿಂತು ಕದ್ದು ಕೇಸರಿಬಾತ್ ತಿನ್ನೋದು. ಬನ್ನಿ, ನೀವೇ ಎಂಟರ್ ಒತ್ತಿ."

ತಮಾಷೆಗೆ ಹೇಳಿದ್ದು. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಬೇಡ. ನನ್ ಕೈ ಬೇಡಮ್ಮ."

ನಾನೇ ಒತ್ತಿದೆ. ಆಮೇಲೆ ನೆಟ್‌ವರ್ಕಿನಲ್ಲಿ ಹಳೆಯ ಸರ್ವರಿಗಿದ್ದ ವಿಳಾಸವನ್ನೇ ಹೊಸದಕ್ಕೂ ಕೊಟ್ಟೆ, ಯಾರು ಒಳಗೆ ಬರಬಹುದು ಯಾರು ಬರಬಾರದು ಅಂತ ಕಟ್ಟುಪಾಡು ಹಾಕಿದೆ, ಹೊರಗಿನ ಡಿಸ್ಕಿನಿಂದ ರಿಪೋರ್ಟುಗಳನ್ನೆಲ್ಲ ವಾಪಸ್ ತುಂಬಿದೆ. ಪ್ರಿಂಟರ್ ಮಾತ್ರ ನನ್ನ ಪ್ರಾಣ ತಿಂದಿತು. ಇಷ್ಟೂ ಹೊತ್ತು ಅವರು ಊಟಕ್ಕೆ ಎದ್ದಿರಲಿಲ್ಲ. ಸಂಜೆ ಕೌಂಟರಿನ ಕಂಪ್ಯೂಟರಿನಲ್ಲಿ ಅವರದೇ ಹೆಸರು ಹೊಡೆದು ನೋಡಿದೆ. ಅವರ ಸಕ್ಕರೆಯ ರಿಪೋರ್ಟ್, ಅಂಕಿ ಸಹಿತ, ಹಾಗೇ ಎದ್ದು ಬಂತು. ಅಬ್ಬ, ಆ ಕ್ಷಣದ ನಿರಾಳವನ್ನು ಹೇಗೆ ಹೇಳಲಿ... ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡೆ. ಮರುದಿನ ಬೆಳಿಗ್ಗೆ ಬಂದ ಜನರಿಗೆ ಇದಾವುದೂ ಗೊತ್ತೇ ಆಗಲಿಲ್ಲ.

ನನ್ನ ಪಾಲಿಗೆ ಕಥೆ ಅಲ್ಲಿಗೆ ಮುಗಿದಿತ್ತು, ಓನರ್ ಪಾಲಿಗೆ ಮುಗಿಯಲಿಲ್ಲ. ಬೋರ್‌ವೆಲ್ ಕೊರೆಸಿದವರು ಕರೆಯಲು ಬಂದರೆ ತಮ್ಮನನ್ನು ಕಳಿಸಿದರು. ಲ್ಯಾಬಿಗೆ ಹೊಸ ಫ್ರಿಡ್ಜ್ ಬಂದಾಗ "ನೀನೇ ಆನ್ ಮಾಡಮ್ಮ" ಅಂದು ದೂರ ನಿಂತರು. ಸರ್ವರ್ ಕೋಣೆಯ ಹೊಸಿಲು ದಾಟುವುದನ್ನೇ ಬಿಟ್ಟರು. ಅವರಿಗೆ ಖಾತ್ರಿಯಾಗಿತ್ತು, ತಮ್ಮ ಕೈಗುಣ ಕೆಟ್ಟಿದೆ ಅಂತ.

ನಾನು ಹೇಳಿ ನೋಡಿದೆ. ನಾನು ಮಾಡಿಟ್ಟಿದ್ದ ನಕಲಿನಲ್ಲಿ ಹಳೆಯ ಸರ್ವರ್ ತಾನಾಗಿ ಬರೆದುಕೊಳ್ಳುತ್ತಿದ್ದ ಸಾಲುಗಳಿದ್ದವು. ಡಿಸ್ಕ್ ಓದಲಾಗುತ್ತಿಲ್ಲ, ಡಿಸ್ಕ್ ಓದಲಾಗುತ್ತಿಲ್ಲ ಅಂತ ಅದು ತಿಂಗಳುಗಟ್ಟಲೆ ಗೋಳಾಡಿತ್ತು, ಯಾರೂ ನೋಡಿರಲಿಲ್ಲ. "ಮಂಡಿನೋವಿನ ಅಜ್ಜಿ ನಡೀತಿದ್ರೆ ನಡೀತಾಳೆ ಸರ್, ಕೂತ್ರೆ ಏಳಕ್ಕಾಗಲ್ಲ. ಇದೂ ಅಷ್ಟೆ. ನೀವು ಆಫ್ ಮಾಡ್ಸದೇ ಇದ್ದಿದ್ರೆ ಯಾವತ್ತೋ ಒಂದಿನ ಜನ ತುಂಬಿರೋವಾಗ ಸಾಯ್ತಿತ್ತು. ಆಗ ನನ್ನ ಹತ್ರ ನಕಲೂ ಇರ್ತಿರ್ಲಿಲ್ಲ. ನಿಮ್ಮಿಂದಾನೇ ಎಲ್ಲ ಉಳೀತು."

"ನನ್ ಸಮಾಧಾನಕ್ಕೆ ಹೇಳ್ತಿದೀಯ. ಹೇಳು, ಹೇಳು" ಅಂದು ನಕ್ಕರು.

ನನಗೆ ಸಿಟ್ಟು ಬಂತು. ನಿಜ ಹೇಳಿದರೆ ಸಮಾಧಾನಕ್ಕೆ ಅನ್ನುವವರಿಗೆ ಇನ್ನೇನು ಹೇಳುವುದು? ಮನೆಗೆ ಬಂದು ಅಪ್ಪನ ಹತ್ತಿರ ಹರಿಹಾಯ್ದೆ. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. "ಕೈಗುಣ ಸುಳ್ಳು ಕಣೆ. ಆದ್ರೆ ಆ ಮನುಷ್ಯ ಕೊರಗ್ತಿರೋದು ಸುಳ್ಳಲ್ವಲ್ಲ, ಏನಾದ್ರೂ ಮಾಡು" ಅಂದರು.

ಮರುವರ್ಷದ ಆಯುಧಪೂಜೆಗೆ ಓನರ್ ಸರ್ವರಿನ ಮಾತೇ ಎತ್ತಲಿಲ್ಲ. ಮೈಕ್ರೋಸ್ಕೋಪುಗಳಿಗೂ ಪೂಜೆ ಮಾಡಲು ತಮ್ಮನನ್ನು ಕರೆಸಿದ್ದರು. ನಾನು ಲಿನಕ್ಸಿನ ಹೊಸ ಅಪ್‌ಡೇಟ್ ಹಾಕಿ, ಸರ್ವರ್ ನಿಲ್ಲಿಸಿ, ಅವರ ಮುಂದೆ ಹೋಗಿ ನಿಂತೆ.

"ಸರ್, ಆಫ್ ಮಾಡಿದೀನಿ. ಆನ್ ಮಾಡ್ಬನ್ನಿ."

"ನಾನಾ? ಬೇಡಮ್ಮ. ನೀನೇ ಮಾಡು."

"ನಾನು ಮಾಡಲ್ಲ. ನೀವು ಬಂದು ಮಾಡೋವರ್ಗೂ ಅದು ಹಾಗೇ ಇರುತ್ತೆ. ನಾಳೆ ಜನ ಬಂದ್ರೆ ನೀವೇ ಉತ್ತರ ಹೇಳ್ಕೊಳ್ಳಿ."

ಅಷ್ಟು ಹಿರಿಯರಿಗೆ ಹಾಗೆ ಅನ್ನಬಾರದಿತ್ತೇನೋ. ಮಗಳು ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನೋಡುತ್ತಿದ್ದರು. ಓನರ್ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ಕೊನೆಗೆ ಎದ್ದರು. ಹೊಸಿಲ ಹತ್ತಿರ ಒಂದು ಗಳಿಗೆ ನಿಂತು ಒಳಗೆ ಬಂದರು. ಒತ್ತಿದರು.

ಫ್ಯಾನು ಜೋರಾಗಿ ಕೂಗಿತು. ಪರದೆ ಕಪ್ಪಗೇ ಇತ್ತು. ಸರ್ವರುಗಳ ಸ್ವಭಾವವೇ ಅಷ್ಟು. ಮನೆಯ ಕಂಪ್ಯೂಟರಿನ ಹಾಗೆ ಥಟ್ಟನೆ ಏಳುವುದಿಲ್ಲ, ಮೊದಲು ತನ್ನ ಮೈಯೆಲ್ಲ ತಾನೇ ತಡವಿ ನೋಡಿಕೊಳ್ಳುತ್ತದೆ. ಇದು ನನಗೆ ಗೊತ್ತು. ಆದರೂ ಆ ಹೊತ್ತು ನನಗೂ ಬೆವರು ಕಿತ್ತುಕೊಂಡಿತು. ಈಗೇನಾದರೂ ಇದು ಏಳದಿದ್ದರೆ ಈ ಮನುಷ್ಯನನ್ನು ನನ್ನ ಕೈಯಾರೆ ಮುಗಿಸಿದ ಹಾಗೆ... ಅವರು ಕಣ್ಣು ಮುಚ್ಚಿ ನಿಂತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಸಾಲುಗಳು ಸರಸರ ಹರಿದವು. ಕೊನೆಗೆ ಎಲ್ಲ ನಿಂತು, ಕೆಂಚ ಅನ್ನುವ ಹೆಸರೊಂದು ಬಂದು ಪರದೆಯ ಮೇಲೆ ಕುಳಿತಿತು.

"ಸರ್, ಎದ್ದ."

ಅವರು ಕಣ್ಣು ತೆರೆದು ನೋಡಿದರು. ಓದಿಕೊಂಡರು. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಆಚೆ ಹೋಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನು ಕಡ್ಲೆಪುರಿ ಕೊಟ್ಟೆ. "ಸ್ವೀಟು ಎಲ್ಲಮ್ಮ ಇದ್ರಲ್ಲಿ?" ಅಂತ ಪೊಟ್ಟಣ ಕೆದಕಿದರು. ಆ ವಾರವೇ ಯಾರದೋ ಬೋರ್‌ವೆಲ್ಲಿಗೆ ಹೋಗಿ ಬಂದರು ಅಂತ ಕೇಳಿದೆ. ನೀರು ಬಂತಂತೆ.

ಈಗ ಆ ಲ್ಯಾಬ್ ಬೇರೆಯವರ ಕೈಗೆ ಹೋಗಿದೆ. ನಾನೀಗ ನೋಡಿಕೊಳ್ಳುವ ಸರ್ವರುಗಳು ಎಲ್ಲಿವೆ ಅಂತ ನನಗೇ ಗೊತ್ತಿಲ್ಲ. ಯಾವುದೋ ಊರಿನ ಯಾವುದೋ ಕಟ್ಟಡದಲ್ಲಿ ಹಗಲೂ ರಾತ್ರಿ ಓಡುತ್ತಿರುತ್ತವೆ, ಒರೆಸಲು ಮೈಯಿಲ್ಲ, ಒತ್ತಲು ಸ್ವಿಚ್ಚಿಲ್ಲ. ಈ ಸಲ ಹಬ್ಬದ ದಿನ ಆ ಕರ್ಪೂರದ ವಾಸನೆಯಲ್ಲಿ ನಿಂತಾಗ, ಗೊಣಗಿಕೊಂಡು ಜಗಳವಾಡಲು ಅಂಥವರೊಬ್ಬರು ಇಲ್ಲವಲ್ಲ ಅನ್ನಿಸಿತು.

ಕೆಂಚ ಎದ್ದ ಆ ಹಬ್ಬದ ಮುಂದಿನ ದಸರೆಯನ್ನು ಓನರ್ ನೋಡಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಅಂತ ಡಾಕ್ಟರಮ್ಮ ಫೋನ್ ಮಾಡಿದರು. ಆ ಮಾತು ಕೇಳಿದ ಕೂಡಲೇ ನನಗೆ ಮೊದಲು ಬಂದ ಯೋಚನೆ ಒಂದೇ: ಸದ್ಯ, ಹೋದ ಹಬ್ಬಕ್ಕೇ ಅವರ ಕೈಯಿಂದ ಒತ್ತಿಸಿಬಿಟ್ಟಿದ್ದೆ. ಅಳು ಆಮೇಲೆ ಬಂತು.