ತಗಡಿನ ಮಚವೆ

ಮೂರನೇ ಕಿವಿಯೂ ಮುರಿದು ನೆಲಕ್ಕೆ ಬಿತ್ತು. ಅಕ್ಕಿ ಕಾಳಿನ ಅರ್ಧದಷ್ಟೂ ಇಲ್ಲ ಅದು, ಬಿದ್ದ ಸದ್ದೇ ಕೇಳಲಿಲ್ಲ. ನಾನು ಚಿಮಟ ಕೆಳಗಿಟ್ಟೆ.

"ಎಂತ ಆತು?" ಅಪ್ಪ ಕೇಳಿದ.

"ಮುರೀತು."

"ಮತ್ತೂ ಮುರೀತನಾ? ನಿಂದು ಕೈಯಾ, ಕೊಡಲಿಯಾ?"

ಹಡಗು ನನ್ನ ಅಂಗೈ ಮೇಲಿತ್ತು. ಗೇಣುದ್ದದ ತಗಡಿನ ಹಡಗು. ಎರಡೂ ಬದಿ ಬಗ್ಗಿಸಿ, ಮೂತಿ ಕೂಡಿಸಿ, ಮುಚ್ಚಿ ಆಗಿತ್ತು. ಒಳಗೆ ಹೋಗಬೇಕಾದ ಐದು ಅಡ್ಡಪಟ್ಟಿ ಹೊರಗೇ ಉಳಿದಿದ್ದವು. ಈಗ ಒಳಗೆ ಬೆರಳು ಹೋಗುವುದಿಲ್ಲ, ಚಿಮಟವೂ ಹೋಗುವುದಿಲ್ಲ. ಬದಿ ಬಿಚ್ಚಬೇಕು. ಬಿಚ್ಚಬೇಕೆಂದರೆ ಮಡಚಿದ ಕಿವಿಯನ್ನು ತಿರುಗಿ ನೆಟ್ಟಗೆ ಮಾಡಬೇಕು. ಕಿವಿ ಎಂದರೆ ತುಂಡಿನ ಅಂಚಿನಲ್ಲಿರುವ ಸಣ್ಣ ನಾಲಿಗೆ. ಇನ್ನೊಂದು ತುಂಡಿನ ಸೀಳಿನೊಳಗೆ ತೂರಿಸಿ ಮಡಚಿದರೆ ಎರಡೂ ಕಚ್ಚಿಕೊಳ್ಳುತ್ತವೆ. ಈ ತಗಡು ಒಂದು ಸಲ ಬಗ್ಗುತ್ತದೆ, ಎರಡನೇ ಸಲ ಮುರಿಯುತ್ತದೆ. ನಾನು ಹೊನ್ನಾವರದಲ್ಲಿ ತಗಡಿನ ಅಂಗಡಿಯಲ್ಲಿ ಕೆಲಸ ಮಾಡುವವನು. ಮಾಡಿನ ನೀರು ಹಿಡಿಯುವ ದಂಬೆ ಮಡಚುವುದೇ ನನ್ನ ದಿನದ ಕೆಲಸ. ತಗಡು ಎಲ್ಲಿ ಮುರಿಯುತ್ತದೆ ಎಂದು ನನಗೆ ಗೊತ್ತಿತ್ತು.

ಹೇಗೆ ಹೀಗಾಯಿತು ಎಂದು ಹೇಳುತ್ತೇನೆ.

ಅಪ್ಪ ದೋಣಿ ಕಟ್ಟುವ ಆಚಾರಿ. ನಮ್ಮ ಮನೆ ಅಘನಾಶಿನಿ ಊರಲ್ಲಿ, ಹೊಳೆ ಬದಿಗೆ. ಈಗ ಫೈಬರ್ ದೋಣಿ ಬಂದ ಮೇಲೆ ಹೊಸ ದೋಣಿಗೆ ಕರೆಯುವವರು ಕಡಿಮೆ, ಆದರೂ ಹಳೆಯ ಮರದ ದೋಣಿಗಳ ಹಲಗೆ ಬದಲಿಸುವ ಕೆಲಸ ಇದ್ದೇ ಇತ್ತು. ಮಳೆಗಾಲದ ಸುರುವಿಗೆ ಒಂದು ಬೆಳಿಗ್ಗೆ ಬಚ್ಚಲಿಗೆ ಹೋದವನು ಅಲ್ಲೇ ಕುಸಿದ. ಬಲಬದಿಗೆ ವಾತ ಹೊಡೆದಿತ್ತು. ಎರಡು ತಿಂಗಳಲ್ಲಿ ಕಾಲು ಬಂತು, ಎಳೆದು ಎಳೆದು ನಡೆಯುವಷ್ಟು. ಮಾತು ಬಂತು, ಸ್ವಲ್ಪ ತೊದಲು. ಬಲಗೈ ಮಾತ್ರ ಬರಲಿಲ್ಲ. ತೋಳು ಏಳುತ್ತಿತ್ತು, ಬೆರಳು ಹಿಡಿಯುತ್ತಿರಲಿಲ್ಲ.

ಕುಮಟೆಯ ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಮೇಡಂ ಒಬ್ಬರು ಇದ್ದರು. ಅವರು ನೇರವಾಗಿ ಹೇಳಿದರು. "ಮೊದಲ ಆರು ತಿಂಗಳಲ್ಲಿ ಎಷ್ಟು ಬರ್ತದೋ ಅಷ್ಟು. ಆಮೇಲೆ ಬರೋದು ಕಷ್ಟ. ಸಣ್ಣ ಸಣ್ಣ ಕೆಲಸ ಕೊಡಿ. ಕಾಳು ಹೆಕ್ಕಲಿ, ಬಟ್ಟೆ ಕ್ಲಿಪ್ಪು ಹಾಕಲಿ. ಅವರೇ ಮಾಡಬೇಕು, ನೀವು ಮಾಡಿಕೊಡಬಾರದು."

ಆಯಿ, ನನ್ನ ತಾಯಿ, ಗೆರಸೆಯಲ್ಲಿ ಹೆಸರುಕಾಳು ಹಾಕಿ ಎದುರಿಗಿಟ್ಟಳು. ಅಪ್ಪ ಎಡಗೈಯಿಂದ ಗೆರಸೆಯನ್ನೇ ದೂಡಿದ.

"ನಾ ಎಂತ ಬಾಳಂತಿಯಾ, ಕೂತು ಕಾಳು ಹೆಕ್ಕೂಕೆ?"

"ಬಾಳಂತಿ ಆದ್ರೆ ಮಾತಾದ್ರೂ ಕೇಳ್ತಿತ್ತು" ಎಂದಳು ಆಯಿ.

ಇನ್ನೊಂದು ಹಠ ಇತ್ತು. ಎಡಗೈಯಲ್ಲಿ ಉಣ್ಣುವುದಿಲ್ಲ. ಬಲಗೈ ಬರುವವರೆಗೆ ಆಯಿ ಕಲಸಿ ಬಾಯಿಗೆ ಹಾಕಬೇಕು. ಬೆಳಿಗ್ಗೆ ನೀರು ಇಳಿದಾಗ ಆಯಿ ಹೊಳೆಗೆ ಇಳಿದು ಬಳಚು ಎನ್ನುವ ಚಿಪ್ಪುಮೀನು ಹೆಕ್ಕಬೇಕು, ಮಾರಬೇಕು, ಓಡಿ ಬಂದು ಗಂಡನಿಗೆ ಉಣಿಸಬೇಕು. ಅವಳು ತಡ ಮಾಡಿದರೆ ಅವನು ಹಸಿದೇ ಕೂರುತ್ತಿದ್ದ. "ಕೈ ಬರ್ತದೆ, ಸ್ವಲ್ಪ ತಡಿ" ಎನ್ನುತ್ತಿದ್ದ. ನಾನೂ ಹಾಗೇ ಅಂದುಕೊಂಡಿದ್ದೆ.

ನಾಲ್ಕನೇ ತಿಂಗಳಿಗೆ ಜಾಲಿ ಊರಿನ ಸಾಹೇಬರು ಬಂದರು. ಅವರಿಗೆ ದುಬೈಯಲ್ಲಿ ಅಂಗಡಿ. ಬಹಳ ಹಿಂದೆ ಅಪ್ಪನ ಕೈಯಲ್ಲಿ ಒಂದು ದೋಣಿ ಮಾಡಿಸಿದ್ದರು. ರಜೆಗೆ ಭಟ್ಕಳಕ್ಕೆ ಬಂದವರು ಸುದ್ದಿ ಕೇಳಿ ಕಾರು ಮಾಡಿಕೊಂಡು ಬಂದಿದ್ದರು.

"ಎಂತ ಆಚಾರ್ರೇ, ನೀವು ಸುಮ್ನೆ ಕೂತದ್ದು ನಾನು ಇವತ್ತೇ ನೋಡುದು."

"ದೇವ್ರು ಕೂರ್ಸಿದ, ಸಾಹೇಬ್ರೇ. ಅವ್ನ ಹತ್ರ ಕೇಳಿ."

"ಕೇಳ್ದೆ. ಆಚಾರಿಗೆ ಕೆಲ್ಸ ಕೊಡು ಅಂದ" ಎಂದು ಅವರು ಚೀಲದಿಂದ ಒಂದು ಚಪ್ಪಟೆ ಲಕೋಟೆ ತೆಗೆದರು. ಒಳಗೆ ಮೂರು ತೆಳ್ಳನೆಯ ಸ್ಟೀಲ್ ಹಾಳೆ. ಹಾಳೆಯಲ್ಲಿ ಸಣ್ಣ ಸಣ್ಣ ತುಂಡು ಕೊರೆದು, ಬೀಳದ ಹಾಗೆ ಒಂದೊಂದು ಕಡೆ ಅಂಟಿಸಿಯೇ ಬಿಟ್ಟಿದ್ದರು. ಕತ್ತರಿಸಿ, ಮಡಚಿ, ಕೂಡಿಸಬೇಕು. ಅಂಟು ಬೇಡ, ಬೆಸುಗೆ ಬೇಡ.

"ಇದೆಂತ, ಲಗ್ನದ ಕಾಗ್ದವಾ?"

"ಹಡಗು."

"ಹಡಗು ಎಲ್ಲದೆ?"

"ಮಲಗಿದೆ. ನೀವೇ ಎಬ್ಬಿಸ್ಬೇಕು. ಮೊಮ್ಮಗನಿಗೆ ತಂದದ್ದು, ಅವನು ಮೊಬೈಲಿಂದ ತಲೆ ಎತ್ಲಿಲ್ಲ."

ಲಕೋಟೆಯ ಮೇಲೆ ಕಟ್ಟಿ ಮುಗಿಸಿದ ಹಡಗಿನ ಚಿತ್ರ ಇತ್ತು. ಅರಬ್ಬರ ಹಾಯಿ ಹಡಗು. ಅಪ್ಪ ಅದನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಇದು ನಮ್ ಮಚವೆನೇ" ಎಂದ. ಮಚವೆ ಎಂದರೆ ಹಿಂದೆ ಇಲ್ಲಿಂದ ಹಂಚು, ಉಪ್ಪು ಹೊತ್ತು ಹೋಗುತ್ತಿದ್ದ ಹಾಯಿ ಹಡಗು. ಅಪ್ಪ ಹುಡುಗನಾಗಿದ್ದಾಗ ಅಜ್ಜನ ಕೈಕೆಳಗೆ ಕೊನೆಯ ಎರಡು ಮಚವೆಗೆ ಮೊಳೆ ಹೊಡೆದಿದ್ದನಂತೆ. ಕಾಳು ಹೆಕ್ಕದವನು ಇದನ್ನು ಮಾಡುತ್ತೇನೆಂದು ಒಪ್ಪಿದ. ಆಯಿ ಆ ದಿನ ಸಾಹೇಬರಿಗೆ ಎರಡು ಸಲ ಚಾ ಕೊಟ್ಟಳು.

ಮೊದಲ ಭಾನುವಾರ ಊಟ ಆದ ಮೇಲೆ ಜಗಲಿಯಲ್ಲಿ ಕೂತೆವು. ನಾನು ಉಗುರು ಕತ್ತರಿಸುವ ಕಟರಿನಲ್ಲಿ ಒಂದು ತುಂಡು ಬಿಡಿಸಿ ಅಪ್ಪನ ಬಲಗೈ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟೆ. ಜಾರಿತು. ಮತ್ತೆ ಇಟ್ಟೆ. ಜಾರಿತು. ಬೆರಳು ಮುಚ್ಚು ಎಂದು ಅವನು ಹೇಳುತ್ತಿದ್ದ, ಬೆರಳು ಕೇಳುತ್ತಿರಲಿಲ್ಲ. ಕೊನೆಗೆ ತುಂಡನ್ನು ಮಣೆಯ ಮೇಲಿಟ್ಟು, ಹೆಬ್ಬೆರಳಿನ ಬದಿಯಿಂದ ಒತ್ತಿ, ಇಡೀ ತೋಳಿನ ಭಾರ ಹಾಕಿ ಒಂದು ಕಿವಿ ಬಗ್ಗಿಸಿದ. ಅರ್ಧ ಬಗ್ಗಿತು, ಅದೂ ಓರೆ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅಷ್ಟರಲ್ಲಿ ಚಾ ಹೊತ್ತಾಗಿತ್ತು.

ಒಂದು ಕಿವಿ. ಹಾಳೆಯಲ್ಲಿ ಇನ್ನೂರರ ಮೇಲಿತ್ತು.

ನನಗೆ ಕೂತು ಕಾಯುವ ಸ್ವಭಾವ ಇಲ್ಲ. ಒಂಬತ್ತನೇ ಇಯತ್ತೆ ಬಿಟ್ಟದ್ದೂ ಅದಕ್ಕೇ. "ಅಪ್ಪ, ಕೊಡು ಇಲ್ಲಿ. ನೀ ಹೇಳು, ನಾ ಮಡಚ್ತೆ" ಎಂದೆ.

ಆಯಿ ಒಳಗಿಂದಲೇ ಹೇಳಿದಳು, "ಅವ್ರೇ ಮಾಡ್ಲಿ ಹೇಳಿ ಮೇಡಂ ಹೇಳಿದ್ದು."

"ಹಂಗಾದ್ರೆ ಬಪ್ಪ ಮಳೆಗಾಲಕ್ಕೆ ಮುಗೀತದೆ ನೋಡು" ಎಂದೆ.

ಅಪ್ಪ ನಕ್ಕ. ವಾತ ಬಡಿದ ಮೇಲೆ ಅವನು ನಕ್ಕದ್ದು ಅದೇ ಮೊದಲು. ತುಂಡನ್ನು ನನ್ನ ಕಡೆ ಸರಿಸಿದ.

ಅಲ್ಲಿಂದ ಮೇಲೆ ಅವನು ಹೇಳುವುದು, ನಾನು ಮಡಚುವುದು. ಭಾನುವಾರ ಪೂರ್ತಿ, ಉಳಿದ ದಿನ ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಅರ್ಧ ತಾಸು. ಲಕೋಟೆಯಲ್ಲಿ ಒಂದು ಕಾಗದ ಇತ್ತು. ಅಕ್ಷರ ಕಡಿಮೆ, ಚಿತ್ರವೇ ಹೆಚ್ಚು. ಯಾವುದು ಮೊದಲು ಯಾವುದು ಆಮೇಲೆ ಎಂದು ಬಾಣ ಹಾಕಿ ತೋರಿಸಿದ್ದರು. ಮೊದಲು ಅಡಿ, ಆಮೇಲೆ ಒಳಗಿನ ಅಡ್ಡಪಟ್ಟಿ, ಕೊನೆಗೆ ಹೊರಗಿನ ಬದಿ. ನಾನು ಅಡಿಗೆ ಅಡ್ಡಪಟ್ಟಿ ಸಿಕ್ಕಿಸಲು ಹೋದೆ.

"ಎಂತ ಮಾಡ್ತಾ ಇದ್ದೆ?" ಅಪ್ಪ ಕೇಳಿದ.

"ಇದ್ನ ಹಾಕ್ತೆ."

"ಹಲಗೆ ಹಾಕ್ದೆ ಬಾಗುಮರ ಹಾಕ್ತ್ಯಾ? ಎಲ್ಲಿ ಕಲ್ತೆ ಇದ್ನ? ಹಲಗೆ ಮೊದ್ಲು."

ನಮ್ಮ ಕಡೆ ದೋಣಿ ಕಟ್ಟುವುದು ಹಾಗೆ. ಅಡಿಮರ ಇಟ್ಟು, ಎರಡೂ ಬದಿಗೆ ಹಲಗೆಯ ಮೇಲೆ ಹಲಗೆ ಕೂಡಿಸಿ ಮೊದಲು ಹೊಟ್ಟೆ ಮಾಡುತ್ತಾರೆ. ಹೊಟ್ಟೆಯ ಬಾಗು ಕಣ್ಣಿಗೆ ಸರಿ ಕಂಡ ಮೇಲೆ ಒಳಗಿನ ಬಾಗುಮರವನ್ನು ಅದಕ್ಕೆ ಒಪ್ಪುವ ಹಾಗೆ ಕೆತ್ತಿ ಕೂರಿಸುತ್ತಾರೆ. ಅಪ್ಪ ನಲವತ್ತು ವರ್ಷ ಹಾಗೇ ಕಟ್ಟಿದ್ದ. ಮರ ಕೆತ್ತಿದರೆ ಒಪ್ಪುತ್ತದೆ. ತಗಡು ಕೆತ್ತಲಿಕ್ಕೆ ಬರುವುದಿಲ್ಲ. ಕಾಗದ ನನ್ನ ತೊಡೆಯ ಮೇಲೆ ತೆರೆದೇ ಇತ್ತು, ಬಾಣ ಕಾಣುತ್ತಿತ್ತು.

ನಾನು ಹೇಳಲಿಲ್ಲ. ನಾಲ್ಕು ತಿಂಗಳಿಂದ ಅವನು ಯಾರಿಗೂ ಏನನ್ನೂ ಮಾಡು ಎಂದು ಹೇಳಿರಲಿಲ್ಲ. ನೀರು ಬೇಕಾದರೂ ಕೇಳುತ್ತಿರಲಿಲ್ಲ, ಚೊಂಬಿನ ಕಡೆ ನೋಡುತ್ತಿದ್ದ. ಈಗ ಬಾಯಿ ಬಿಟ್ಟು ಬೈಯುತ್ತಿದ್ದ. ಹಾಗಾಗಿ ಕಾಗದ ಮಡಚಿ ಕೆಳಗಿಟ್ಟು ಹಲಗೆ ಹಾಕಿದೆ.

ಆ ಐದು ಆರು ವಾರ ಮನೆ ಚೆನ್ನಾಗಿತ್ತು. ಅಪ್ಪ ಬೆಳಿಗ್ಗೆ ನನಗಿಂತ ಮೊದಲು ಎದ್ದು ಜಗಲಿಯಲ್ಲಿ ಕೂರುತ್ತಿದ್ದ. "ಬಾಗು ಸಾಲ. ಇನ್ನೊಂಚೂರು ಹೊಟ್ಟೆ ಬಿಡು. ಆತು, ಆತು, ಸಾಕು. ಬಿಡು ಅಂದ್ರೆ ಬಿಡ್ಬೇಕು, ಕತ್ತೆ." ಆಯಿ ಬಳಚಿನ ಬುಟ್ಟಿ ಇಳಿಸುತ್ತ, "ಅಪ್ಪ ಮಗ ಬೊಂಬಾಯಿಗೆ ಹೊರಟ್ರನಾ? ನಂಗೂ ಜಾಗ ಅದ್ಯಾ?" ಎನ್ನುತ್ತಿದ್ದಳು. "ನಿನ್ ಬುಟ್ಟಿ ಹೇರಿರೆ ಮುಳುಗ್ತದೆ" ಎನ್ನುತ್ತಿದ್ದ ಅಪ್ಪ. ಅವನ ಬಲಗೈ ಮಡಿಲಲ್ಲಿ ಬಿದ್ದಿರುತ್ತಿತ್ತು. ನಾವು ಮೂವರೂ ಅದನ್ನು ನೋಡಲಿಲ್ಲ.

ಆಮೇಲೆ ಸುರುವಿಗೇ ಹೇಳಿದೆನಲ್ಲ, ಕಿವಿ ಮುರಿದ ಆ ದಿನ ಬಂತು, ಒಂದು ಭಾನುವಾರ. ಹೊಟ್ಟೆ ಮುಚ್ಚಿತ್ತು, ಅಡ್ಡಪಟ್ಟಿ ಒಳಗೆ ಹೋಗಲಿಲ್ಲ, ಬದಿ ಬಿಚ್ಚಲು ಹೋಗಿ ಮೂರು ಕಿವಿ ಮುರಿದೆ. ನಾಲ್ಕನೆಯದು ಮುರಿಯಲಿಲ್ಲ, ಸುಲಭವಾಗಿ ಎದ್ದು ಬಂತು. ನೋಡಿದರೆ ಅದು ಅಪ್ಪ ಮಡಚಿದ್ದು. ಸರಿಯಾಗಿ ಮಡಚಿಯೇ ಇರಲಿಲ್ಲ, ಅದಕ್ಕೇ ಉಳಿದಿತ್ತು. ಐದನೆಯದು ಮುರಿಯಿತು. ಬದಿ ಕೈಗೆ ಬಂತು. ಇನ್ನು ಅದನ್ನು ತಿರುಗಿ ಹಿಡಿಸಲಿಕ್ಕೆ ಆ ಒಂದು ಕಿವಿ ಬಿಟ್ಟರೆ ಏನೂ ಉಳಿದಿರಲಿಲ್ಲ.

"ಆ ಕಾಗ್ದ ತಾ" ಎಂದ ಅಪ್ಪ.

ಕೊಟ್ಟೆ. ಮಣೆಯ ಮೇಲೆ ಹರಡಿ ಎಡಗೈ ಬೆರಳಿಟ್ಟು ಒಂದೊಂದೇ ಚಿತ್ರ ನೋಡುತ್ತ ಹೋದ. ಮೂರನೇ ಚಿತ್ರಕ್ಕೆ ಬೆರಳು ನಿಂತಿತು.

"ಇದು ಒಳಗಿಂದು ಮೊದ್ಲು."

"ಹೌದು."

"ನಿಂಗೆ ಗೊತ್ತಿತ್ತನಾ?"

"ಗೊತ್ತಿತ್ತು."

"ಯಾವಾಗಿಂದ?"

"ಮೊದ್ಲಿಂದ."

ಅವನು ಕಾಗದದಿಂದ ತಲೆ ಎತ್ತಲಿಲ್ಲ. "ಎಂತಕ್ಕೆ ಹೇಳ್ಲಿಲ್ಲ? ಕೈ ಹೋದವಂದು ತಲೆನೂ ಹೋತು, ಏನೋ ಒದರ್ಕಣ್ಲಿ ಹೇಳಿ ಮಾಡ್ದ್ಯನಾ?"

ಹಾಗಲ್ಲ ಎಂದು ಹೇಳಬೇಕಿತ್ತು. ನಾನು ಚಿಮಟ ಒರೆಸುತ್ತ ಕೂತೆ. ಅವನು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದ.

ಅದರ ಮುಂದಿನ ವಾರ ಕುಮಟೆಗೆ ಹೋಗುವ ದಿನ. ಆರು ತಿಂಗಳು ತುಂಬಿತ್ತು. ಮೇಡಂ ಒಂದು ಕಾಗದದ ಚೂರನ್ನು ಅಪ್ಪನ ಎರಡು ಬೆರಳಿನ ನಡುವೆ ಇಟ್ಟು, "ಗಟ್ಟಿ ಹಿಡೀರಿ" ಎಂದು ಮೆಲ್ಲಗೆ ಎಳೆದರು. ಬಂತು. ಮತ್ತೆ ಇಟ್ಟು ಎಳೆದರು. ಬಂತು. ಮೂರನೇ ಸಲ ಎಳೆಯಲೇ ಇಲ್ಲ, ಕಾಗದ ತಾನೇ ಬಿತ್ತು.

"ಮನೇಲಿ ಕೈಗೆ ಕೆಲಸ ಕೊಟ್ರಾ?"

"ಕೊಟ್ಟದ್ದಾ?" ಎಂದಳು ಆಯಿ. "ದಿನಾ ಹಡಗು ಕಟ್ಟಿದ್ದು ಮೇಡಂ. ತಗಡಿಂದು. ಸಣ್ಣ ಸಣ್ಣ ತುಂಡು, ಕಣ್ಣಿಗೆ ಕಾಣೂದಿಲ್ಲ."

ಮೇಡಂ ಮುಖ ಅರಳಿತು. "ಹೌದಾ? ತುಂಬಾ ಒಳ್ಳೇದು. ಯಾವ ಕೈಯಲ್ಲಿ?"

ಅಪ್ಪ ಗದ್ದ ಎತ್ತಿ ನನ್ನ ಕಡೆ ತೋರಿಸಿದ. "ಇವ್ನ ಕೈಯಲ್ಲಿ."

ಮೇಡಂ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅಡ್ಡಿ ಇರಲಿಲ್ಲ. ಚೀಟಿಯಲ್ಲಿ ಏನೋ ಬರೆದು, "ವ್ಯಾಯಾಮ ಬಿಡಬೇಡಿ. ಆದರೆ ಇನ್ನು ಎಡಗೈಗೆ ರೂಢಿ ಮಾಡಿಸಿ, ಊಟ, ಗುಂಡಿ ಹಾಕೋದು ಎಲ್ಲ" ಎಂದರು. ಅಪ್ಪನೇ ಮಡಚಿದ್ದರೆ ಬೆರಳು ಬರುತ್ತಿತ್ತೇ ಎಂದು ಕೇಳಬೇಕೆಂದಿದ್ದೆ. ಹೊರಗೆ ಸಾಲು ಇತ್ತು, ಮುಂದಿನವರನ್ನು ಕರೆದರು. ಕೇಳಲಿಲ್ಲ. ಈಗಲೂ ಗೊತ್ತಿಲ್ಲ. ಬರುತ್ತಿರಲಿಲ್ಲವೋ ಏನೋ. ಒಂದು ಕಿವಿಗೆ ಒಂದು ಮಧ್ಯಾಹ್ನ ಎಂದರೆ, ಇನ್ನೂರು ಕಿವಿಗೆ ಇನ್ನೂರು ಮಧ್ಯಾಹ್ನ ನಾನು ಪಕ್ಕದಲ್ಲಿ ಕೂರಬೇಕಿತ್ತು. ಕೂರಲಿಲ್ಲ. ಅಷ್ಟು ಗೊತ್ತು.

ಮನೆಗೆ ಬಂದು ಕೈಕಾಲು ತೊಳೆದು ಕೂತೆವು. ಆಯಿ ಅನ್ನಕ್ಕೆ ಬಳಚಿನ ಸಾರು ಹಾಕಿ ಕಲಸಿ, ಯಾವಾಗಿನ ಹಾಗೆ ತುತ್ತು ಎತ್ತಿ ಹಿಡಿದಳು. ಅಪ್ಪ ಮುಖ ತಿರುಗಿಸಿದ.

"ಚಮಚ ತಾ."

"ಎಂತಕ್ಕೆ?"

"ತಾ ಅಂದೆ."

ತಂದು ಕೊಟ್ಟಳು. ಅವನು ಎಡಗೈಯಲ್ಲಿ ಹಿಡಿದು ಉಂಡ. ಅರ್ಧ ಬಾಯಿಗೆ ಹೋಯಿತು, ಅರ್ಧ ಅಂಗಿಯ ಮೇಲೆ. ಚೆಲ್ಲಿದ್ದನ್ನು ಒರೆಸಲು ಆಯಿ ಕೈ ಚಾಚಿದರೆ ಬೇಡ ಎಂದ. ಅವಳು ಅಡುಗೆಮನೆಗೆ ಹೋಗಿ ಅಲ್ಲೇ ನಿಂತಳು. ನಾನು ನನ್ನ ಬಟ್ಟಲು ನೋಡುತ್ತ ಉಂಡೆ.

ಮಚವೆ ಈಗ ಟಿವಿಯ ಮೇಲಿದೆ. ಒಂದು ಬದಿ ಇಲ್ಲ. ಆ ಬದಿಯನ್ನು ಗೋಡೆಗೆ ಒರಗಿಸಿ ಇಟ್ಟದ್ದರಿಂದ ಎದುರಿಗೆ ನಿಂತರೆ ಕಾಣುವುದಿಲ್ಲ. ಮೊನ್ನೆ ಸಾಹೇಬರು ದುಬೈಯಿಂದ ಫೋನು ಮಾಡಿ, "ಆಚಾರ್ರೇ, ಹಡಗು ಎದ್ದಿತಾ?" ಎಂದು ಕೇಳಿದರು. ಅಪ್ಪ "ಎದ್ದದೆ, ಸಾಹೇಬ್ರೇ" ಎಂದು ಫೋನನ್ನು ನನ್ನ ಕೈಗೆ ಕೊಟ್ಟ. ಅವರು ಫೋಟೋ ಕಳಿಸು ಎಂದರು. ನಾನು ಎದುರಿನಿಂದ ತೆಗೆದು ಕಳಿಸಿದೆ.

ಇಷ್ಟೇ. ನನಗೆ ಹೇಳಲಿಕ್ಕೆ ಇನ್ನೇನೂ ಇಲ್ಲ.