ಗುರಾಣಿ ಹೊತ್ತ ಎಡಿಟರ್

ನನ್ನ ಕಂಪ್ಯೂಟರಿನಲ್ಲಿ ನಾನು ಬರೆಯುವ ಟೆಕ್ಸ್ಟ್ ಎಡಿಟರಿನ ಐಕಾನಿನ ಮೂಲೆಗೆ ಕಡಲೆಕಾಳಿನಷ್ಟು ಗುರಾಣಿಯೊಂದು ಬಂದು ಕುಳಿತದ್ದನ್ನು ನಾನು ಅಲಂಕಾರವೆಂದೇ ಭಾವಿಸಿದ್ದೆ. ಅದು ಪಕ್ಕದ ಮನೆಯ ರುದ್ರಪ್ಪನವರ ಕೃಪೆ. ಸೂಪರಿಂಟೆಂಡೆಂಟರಾಗಿ ನಿವೃತ್ತರಾದ ಈ ಮಹಾಶಯರಿಗೆ, ಪೂರ್ಣಾಧಿಕಾರವಿಲ್ಲದೆ ಲೋಕದಲ್ಲಿ ನೊಣವೂ ಹಾರದೆಂಬ ಅಚಲ ನಂಬಿಕೆ. ಕಡತವೊಂದು ಸೇವ್ ಆಗಲಿಲ್ಲವೆಂದು ನಾನು ಗೊಣಗಿದ್ದೇ ತಡ, ಎಡಿಟರ್ ಸದಾ ಅಡ್ಮಿನಿಸ್ಟ್ರೇಟರ್ ಆಗಿಯೇ, ಅಂದರೆ ಯಂತ್ರದ ಮೇಲಿನ ಸಕಲ ಅಧಿಕಾರದೊಂದಿಗೇ, ತೆರೆಯುವಂತೆ ಮಾಡಿ, ಬಡ್ತಿಯ ಆದೇಶಕ್ಕೆ ಸಹಿ ಹಾಕಿದವರ ಗತ್ತಿನಲ್ಲಿ ಕಾಫಿ ಕುಡಿದು ಹೋದರು.

ಮರುದಿನವೇ ಭಾನುವಳ್ಳಿಯಿಂದ ಗಿರಿಜಮ್ಮ ಚಿಕ್ಕಮ್ಮ ದಾವಣಗೆರೆಯ ನಮ್ಮ ಮನೆಗೆ ಬಂದಳು. ಮೊಮ್ಮಗಳ ಮದುವೆ ಮಾರನೆಯ ದಿನ ಹರಿಹರದಲ್ಲಿ. ಅರಿಶಿಣ ಹಚ್ಚುವಾಗಿನ ಸೋಬಾನೆ ಪದಗಳು ಅವಳೊಬ್ಬಳಿಗೇ ಗೊತ್ತು. ಗಂಟಲು ಕೆಟ್ಟು ಹಾಡಲಾರಳು. ಅವಳು ಹೇಳಿದ್ದನ್ನು ನಾನು ದಪ್ಪಕ್ಷರದಲ್ಲಿ ಅಚ್ಚು ಮಾಡಿಕೊಟ್ಟರೆ ಸೊಸೆಯಂದಿರು ನೋಡಿಕೊಂಡು ಹಾಡಬೇಕು, ಇಲ್ಲವಾದರೆ ಮೈಕಿನ ಸಿನಿಮಾ ಹಾಡೇ ಗತಿಯೆಂಬ ಚಿಂತೆ ಅವಳದು.

ನಾನು ಕೀಲಿ ಒತ್ತಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ರುದ್ರಪ್ಪನವರನ್ನೇ ಕರೆಸಿದೆ, ನನ್ನ ಬುದ್ಧಿ ಅಷ್ಟೇ. ಅವರು ಫಾಂಟ್ ಕಿತ್ತರು, ಮತ್ತೆ ಹಾಕಿದರು, ಯಂತ್ರವನ್ನು ಮಲಗಿಸಿ ಎಬ್ಬಿಸಿದರು. ಮಧ್ಯಾಹ್ನವಿಡೀ ನುಂಗಿ ಕೊನೆಗೆ ತೀರ್ಪಿತ್ತರು: "ಕನ್ನಡದ್ದೇ ತೊಂದ್ರೆ ಐತೆ ನೋಡ್ರಿ. ಇಂಗ್ಲಿಷ್ ಸರಿಯಾಗೇ ಬರ್ತಾ ಐತಲ್ಲ."

ಅವರು ವಾಯುವಿಹಾರಕ್ಕೆ ತೆರಳಿದ ಮೇಲೆ, ಚಿಕ್ಕಮ್ಮನ ಬಸ್ಸಿನ ಸಮಯ ಹುಡುಕಲು ಇಂಟರ್ನೆಟ್ಟಿನಲ್ಲಿ 'ಹರಿಹರ' ಎಂದು ಒತ್ತಿದೆ. ಅಚ್ಚ ಕನ್ನಡದಲ್ಲಿಯೇ ಮೂಡಿತು! ಆ ಬ್ರೌಸರಿನ ಐಕಾನಿಗೆ ಗುರಾಣಿಯಿರಲಿಲ್ಲ. ಆಗ ಗುಟ್ಟು ತಿಳಿಯಿತು. ಬೆರಳಿಗೂ ಪರದೆಗೂ ನಡುವೆ ನಿಂತು ಅಕ್ಷರ ಜೋಡಿಸುವ ಕನ್ನಡ ತಂತ್ರಾಂಶ ಸಾಧಾರಣ ಪ್ರಜೆ. ಅಡ್ಮಿನಿಸ್ಟ್ರೇಟರ್ ಪಟ್ಟವೇರಿದ ಎಡಿಟರಿನ ಕೋಣೆಯೊಳಗೆ ಅದಕ್ಕೆ ಪ್ರವೇಶವಿಲ್ಲ. ಕುರ್ಚಿ ಸಿಕ್ಕಿದ ಮಾರನೆಯ ದಿನವೇ ಮನೆಮಾತು ಕಿವಿಗೆ ಬೀಳದಂತಾಗುವ ಮಹನೀಯರನ್ನು ಕಂಡಿದ್ದೇನೆ, ಆದರೆ ಅಕ್ಷರ ಬರೆಯುವ ಡಬ್ಬಿಗೂ ಈ ರೋಗ ತಗಲೀತೆಂದು ಎಣಿಸಿರಲಿಲ್ಲ.

ಇದನ್ನೆಲ್ಲ ಚಿಕ್ಕಮ್ಮನಿಗೆ ವಿವರಿಸಿದೆ. "ಹಂಗಾದ್ರೆ ಅದಕ್ಕೆ ಆ ದೊಡ್ಡಸ್ತಿಕೆ ಬ್ಯಾಡ, ತಗಿ," ಎಂದಳು. ತೆಗೆದೆ. ಕನ್ನಡ ಬಂತು. ಆದರೆ ಬಸ್ಸಿನ ಹೊತ್ತಾಗುವಷ್ಟರಲ್ಲಿ ಎರಡೇ ಪದ ಮುಗಿದಿದ್ದವು. ರುದ್ರಪ್ಪನವರ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ಹರಿಹರದಲ್ಲಿ ಸೊಸೆಯಂದಿರು ಹಾಳೆ ಹಿಡಿದು ಹಾಡಿದರು. ಎರಡನೆಯ ಪದ ಮುಗಿಯಿತು, ಅರಿಶಿಣ ಇನ್ನೂ ಅರ್ಧ ಬಟ್ಟಲಿತ್ತು. ಮೈಕಿನವನು ಗುಂಡಿಯತ್ತ ಕೈ ಚಾಚಿದ. ಚಿಕ್ಕಮ್ಮ ಅವನನ್ನು ಕಣ್ಣಿನಲ್ಲೇ ತಡೆದು, ಒಡಕು ದನಿಯಲ್ಲಿ ಮೂರನೆಯ ಪದದ ಒಂದು ಸಾಲು ಹೇಳಿದಳು. ಹೆಂಗಸರು ಅವಳ ಬಾಯಿಗೆ ಕಿವಿಗೊಟ್ಟು ಅದನ್ನು ಎತ್ತಿ ಹಾಡಿದರು. ಮತ್ತೊಂದು ಸಾಲು, ಮತ್ತೆ ಹಾಡು.

ಪಕ್ಕದ ಕುರ್ಚಿಯಲ್ಲಿ, ನನ್ನ ಜೊತೆಗೇ ಮದುವೆಗೆ ಬಂದಿದ್ದ ರುದ್ರಪ್ಪನವರು, ಕಂಪ್ಯೂಟರ್ ರಿಪೇರಿ ಮಾಡಿ ಈ ಪದಗಳನ್ನು ಉಳಿಸಿದವರು ತಾವೇ ಎಂದು ಬೀಗರಿಗೆ ವಿವರಿಸುತ್ತಿದ್ದರು. ಚಿಕ್ಕಮ್ಮ ಒಂದು ಗುಟುಕು ನೀರು ಕುಡಿದು ನಾಲ್ಕನೆಯದನ್ನು ಶುರುಮಾಡಿದಳು.